ಸೋದರಮಾವ ತುಳಿದ ಸೈಕಲ್ಲು

ಮದುವೆಗೆ ಎರಡು ತಿಂಗಳಿರುವಾಗ ಮಗಳು ನೋಟ್ ಬುಕ್ ಹಿಡಿದು ಅಡುಗೆಮನೆಗೆ ಬಂದಳು. ಅವಳೂ ಅವಳು ಮದುವೆಯಾಗುವ ಹುಡುಗನೂ ಕ್ಯಾತನಹಳ್ಳಿ ಕಡೆ ಪಾಠ ಹೇಳುವವರು, ಇಬ್ಬರೂ ಸೈಕಲ್ಲಿನಲ್ಲೇ ಹೋಗಿಬರುವವರು. ಕಬ್ಬಿನ ಗಾಡಿಗೆ ದಾರಿ ಬಿಟ್ಟು ನಿಂತಾಗ ಪರಿಚಯವಾದದ್ದಂತೆ. ಅದಕ್ಕೇ ಮದುವೆಯಲ್ಲೆಲ್ಲ ಸೈಕಲ್ಲೇ ಇರಬೇಕು. ಹಳೆಯ ರಿಮ್ಮುಗಳಿಗೆ ಚೆಂಡುಹೂ ಸುತ್ತಿ ಬಾಗಿಲಿಗೆ ಕಟ್ಟುವುದು, ತಾಂಬೂಲದ ಚೀಲದ ಮೇಲೆ ಸೈಕಲ್ ಚಿತ್ರ. ನಾನು ಹುರುಳಿಕಾಳು ಆರಿಸುತ್ತ ಹೂಂ ಹೂಂ ಅಂದೆ. ಕೊನೆಯ ಸಾಲಿಗೆ ಮಾತ್ರ ಕೈ ನಿಂತಿತು: ಮದುವೆ ಹೆಣ್ಣು ಕ್ಯಾರಿಯರ್ ಮೇಲೆ ಕೂತು ಮಂಟಪಕ್ಕೆ ಬರುವುದು.

ನಮ್ಮಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆತರುವವನು ಸೋದರಮಾವ. ಅಂದರೆ ಅಕ್ಕಿಹೆಬ್ಬಾಳಿನಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ತಮ್ಮ. ಟ್ರಾಕ್ಟರು, ಜೀಪು ಎರಡೂ ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಸೈಕಲ್ ಬಾರದು. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮನೆಯಲ್ಲಿದ್ದ ಒಂದೇ ಸೈಕಲ್ಲನ್ನು ಅಪ್ಪ ನನ್ನ ಹೈಸ್ಕೂಲಿಗೆಂದು ಕೊಟ್ಟಿದ್ದರು. ತಮ್ಮ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಗಾಳಿ ಹೊಡೆದು ಕೊಟ್ಟನೇ ಹೊರತು ಒಂದು ದಿನವೂ ತನಗೆ ಬೇಕೆಂದು ಕೇಳಲಿಲ್ಲ.

ವಿಷಯ ತಿಳಿದು ನಮ್ಮ ಮನೆಗೆ ಬಂದ ಅವನನ್ನು ನನ್ನ ಯಜಮಾನರು ರೇಗಿಸಿದರು. "ಆ ಒಟ್ಟೆ ಒತ್ಕಂಡು ಸೈಕಲ್ ಎಲ್ ತುಳಿದೀಯಲಾ? ನಾನೇ ತುಳಿತೀನಿ ಬುಡು."

"ಅದೆಂಗೆ ಭಾವ? ಎಣ್ಣ ಕರ್ಕಂಡ್ ಬರೋನು ಮಾವ. ನಾನೇ ತುಳಿಯೋದು" ಅಂದುಬಿಟ್ಟ.

ಅಂದವನು ಹಿತ್ತಿಲಿಗೆ ಬಂದು, ಪಾತ್ರೆ ತೊಳೆಯುತ್ತಿದ್ದ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಗಂಡಿನ ಕಡೆಯೋರ ಮುಂದೆ ಬಿದ್ರೆ ಮರ್ವಾದೆ ಏನಾಗ್ಬೇಕು? ಕಲ್ಸಕ್ಕಾ" ಅಂದ.

ಮದುವೆ ಕೆಲಸದ ನೆಪ ಹೇಳಿ ಹದಿನೈದು ದಿನ ನಮ್ಮಲ್ಲೇ ಉಳಿದ. ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಮೇಲೆ ನಾವಿಬ್ಬರೂ ಚಿನಕುರಳಿ ಆಚೆಯ ನಾಲೆ ಏರಿಗೆ ಹೋಗುತ್ತಿದ್ದೆವು. ಎರಡು ಸಲ ಸೈಕಲ್ ಸಮೇತ ಕಬ್ಬಿನ ಗದ್ದೆಗೆ ನುಗ್ಗಿದ. ನಾನು ಸೆರಗು ಸಿಕ್ಕಿಸಿಕೊಂಡು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದೆ.

"ಇಡ್ಕಂಡಿದ್ದೀಯಾ ಅಕ್ಕಾ?"

"ಇಡ್ಕಂಡಿವ್ನಿ ತುಳಿಲಾ. ಮುಂದೆ ನೋಡು, ನನ್ ಮಕ ಏನ್ ನೋಡ್ತೀಯ!"

ಎರಡನೆಯ ವಾರ ಮಗಳ ತೂಕಕ್ಕೆಂದು ಕ್ಯಾರಿಯರ್ ಮೇಲೆ ರಾಗಿ ಮೂಟೆ ಕಟ್ಟಿದೆವು. ಅದನ್ನೂ ಎಳೆದ. ಆದರೆ ನಾನು ಕೈ ಬಿಟ್ಟ ಗಳಿಗೆಯೇ ಅದು ಹೇಗೋ ತಿಳಿದು, ಹಿಂದೆ ತಿರುಗಿ ಕಾಲು ಊರಿಬಿಡುತ್ತಿದ್ದ. ಕೊನೆಯ ದಿನದವರೆಗೂ ಅಷ್ಟೇ.

ಪಾಂಡವಪುರದ ಛತ್ರದಲ್ಲಿ ಮದುವೆ. ಸೀರೆ ಸಿಕ್ಕಿಕೊಳ್ಳದಿರಲೆಂದು ಹಿಂದಿನ ಚಕ್ರಕ್ಕೆ ಜಾಲರಿ ಹಾಕಿಸಿದ್ದೆ. ತಮ್ಮನ ರೇಷ್ಮೆ ಪಂಚೆಯನ್ನು ಚೈನಿಗೆ ಸಿಗದಂತೆ ಕಚ್ಚೆ ಹಾಕಿಸಿದ್ದೆ. ಮಗಳು ಕ್ಯಾರಿಯರ್ ಮೇಲೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಳು. ಗೇಟಿನಿಂದ ಹಸೆಮಣೆಯವರೆಗೆ ಎರಡೂ ಕಡೆ ಜನ ಸೈಕಲ್ ಬೆಲ್ಲು ಹಿಡಿದು ನಿಂತಿದ್ದರು.

ಆಗಲೇ ಹಿರಿಯರೊಬ್ಬರು ದೀಪ ಹಚ್ಚಿದ ತಟ್ಟೆಯನ್ನು ನನ್ನ ಕೈಗಿಟ್ಟು, "ತಾಯಿ ದೀಪ ಇಡ್ಕಂಡು ಇಂದೆ ಬರ್ಬೇಕು ಕಣವ್ವ" ಅಂದರು. ಕ್ಯಾರಿಯರ್ ಹಿಡಿದು ನಾನು ಹಿಂದೆ ಬರುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಇದೊಂದನ್ನು ಯೋಚಿಸಿಯೇ ಇರಲಿಲ್ಲ.

"ಇಡ್ಕಂಡಿದ್ದೀಯಾ ಅಕ್ಕಾ?" ಮುಂದೆ ನೋಡುತ್ತಲೇ ಕೇಳಿದ.

"ಇಡ್ಕಂಡಿವ್ನಿ" ಅಂದೆ. ತಟ್ಟೆಯನ್ನು.

ತುಳಿದ. ರಿಮ್ಮಿನ ಕಮಾನಿನ ಹತ್ತಿರ ಹ್ಯಾಂಡಲ್ ಒಂದು ಸಲ ಅಲ್ಲಾಡಿ ಗಂಡಿನ ಕಡೆಯವರು "ಅಯ್ಯೋ" ಅಂದರು. ನನ್ನ ತಟ್ಟೆಯ ದೀಪವೂ ಅಲ್ಲಾಡಿತು. ಅವನು ತಿರುಗಲಿಲ್ಲ. ನೇರ ಹಸೆಮಣೆಯ ಮುಂದೆ ನಿಲ್ಲಿಸಿ ಕಾಲು ಊರಿದ.

"ಸಾಕು, ಇನ್ ಬುಡಕ್ಕಾ."

"ನಿನ್ ಇಡಿಯಕ್ಕೆ ನಂಗೆ ಕೈ ಎಲ್ಲಿತ್ಲಾ?"

ಆಗ ತಿರುಗಿದ. ತಟ್ಟೆ ನೋಡಿದ, ನನ್ನ ಎರಡೂ ಕೈ ನೋಡಿದ. ಆಮೇಲೆ ಪುರೋಹಿತರು ಮಂತ್ರ ನಿಲ್ಲಿಸಿ ನೋಡುವಷ್ಟು ಹೊತ್ತು ಬೆಲ್ಲು ಬಾರಿಸಿದ.

"ನನ್ ತಮ್ಮ" ಎಂದು ಪಕ್ಕದಲ್ಲಿದ್ದ ಬೀಗಿತ್ತಿಗೆ ಹೇಳಿದೆ. ಅವರಿಗೆ ಗೊತ್ತೇ ಇತ್ತು. ಆದರೂ ಇನ್ನೊಂದು ಸಲ ಹೇಳಿದೆ.