ಹಿತ್ತಲಿನ ಸುಣ್ಣದ ಗೆರೆ

ನಾದಿನಿ ಬಂದ ವಾರದೊಳಗೇ ನಮ್ಮ ಹಿತ್ತಲಲ್ಲಿ ಸುಣ್ಣದ ಪುಡಿಯ ಗೆರೆ ಬಿತ್ತು. ತೊಳೆದ ಪಾತ್ರೆ ಬೋರಲು ಹಾಕಲು ಹೋದಾಗ ಕಂಡೆ. ಬೇವಿನ ಮರದ ಹತ್ತಿರದಿಂದ ಹೊರಟು, ನಾನು ಶೇಂಗಾ ಒಣಹಾಕುವ ಕಟ್ಟೆಯನ್ನು ಬಳಸಿ, ಹಿಂದಿನ ಗೋಡೆಯವರೆಗೆ ಹೋಗಿತ್ತು. ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಹಿತ್ತಲಿನೊಳಗೆ ಸುಣ್ಣದ ಗೆರೆ ಬಿತ್ತೆಂದರೆ ಒಂದೇ ಅರ್ಥ: ಪಾಲು. ಮೊದಲು ಗೆರೆ, ಆಮೇಲೆ ಗೋಡೆ, ಆಮೇಲೆ ಹಬ್ಬಕ್ಕೂ ಮಾತಿಲ್ಲ.

ಮುಂದಿನ ಪಡಸಾಲೆ ಮಾವನವರದ್ದಾಗಿತ್ತು, ಈಗ ನಮ್ಮವರದ್ದು. ಹಿತ್ತಲನ್ನು ಮಾತ್ರ ಯಾರೂ ಕೇಳದೇ ಇದ್ದುದರಿಂದ ಅದು ನನಗೆ ಉಳಿಯಿತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಬೇವಿನ ಕೆಳಗೆ ಚಾಪೆ ಹಾಸಿ, ಕಾಲು ಚಾಚಿ, ಒಂದು ಹಾಳೆ ಓದುವುದು ನನ್ನ ಪಾಲಿನ ಸುಖ. ಅದರಲ್ಲಿ ಅರ್ಧ ಹೋದರೆ ನೆರಳು ಇರುವ ಅರ್ಧವೇ ಹೋಗುತ್ತದೆ.

ಗೋಡೆಯಾಚೆಯಿಂದ ಪಕ್ಕದಮನೆ ಕಾಕು ತಲೆ ಎತ್ತಿದರು.

“ನಿಮ್ಮ ನಾದಿನಿ ಟೇಪ್ ಹಿಡಕೊಂಡು ಅಡ್ಡಾಡಾಕತ್ತಾರಲ್ಲ, ನೋಡೀರೇನು? ಹೆಣ್ಮಕ್ಕಳಿಗೂ ಪಾಲ ಬರತೈತ್ರಿ ಈಗ.”

“ಹಂಗೇನಿಲ್ರಿ ಕಾಕು. ಅವರ ಕೆಲಸಾನ ಅದು.”

“ನಿಮ್ಮ ಹಿತ್ತಲದಾಗ ಅವರದೇನ ಕೆಲಸ?”

ನಾನು ಉಳಿದ ಪಾತ್ರೆ ಬೋರಲು ಹಾಕಿ ಒಳಗೆ ಬಂದೆ.

ನಾದಿನಿಯ ಕೆಲಸ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲವೆಂದೇ ಹೇಳಬೇಕು. ಭೂದೃಶ್ಯ ವಿನ್ಯಾಸ ಅಂತ ಓದಲು ಹೊರಟಾಗ ಮಾವನವರು, “ಮಾಲಿ ಆಗಲಿಕ್ಕ ಕಾಲೇಜ ಯಾಕ ಬೇಕ?” ಎಂದಿದ್ದರಂತೆ. ಅವಳು ಓದಿ, ಪುಣೆಯಲ್ಲಿ ಅದನ್ನೇ ವರ್ಷಗಟ್ಟಲೆ ಕಲಿಸಿದಳು. ಆಸ್ಪತ್ರೆಗಳ ಅಂಗಳ, ಕಾಲೇಜುಗಳ ಬಯಲು ರೂಪಿಸಿದಳು. ಆದರೂ ಊರಿಗೆ ಬಂದಾಗಲೆಲ್ಲ ನೆಂಟರು ಅವಳ ಮುಂದೆ ಒಣಗಿದ ಗುಲಾಬಿ ಕುಂಡ ತಂದಿಟ್ಟು, “ಇದಕ್ಕೇನ ಹಾಕಬೇಕು?” ಎಂದೇ ಕೇಳುತ್ತಿದ್ದರು. ಕಲಿಸುವವಳೆಂದು ನಾವೆಲ್ಲ ಅವಳನ್ನು ಬಾಯಾರ, ಅಂದರೆ ಟೀಚರಮ್ಮ, ಎನ್ನುತ್ತೇವೆ. ಈಗ ಆ ಕೆಲಸ ಬಿಟ್ಟು ಬಂದಿದ್ದಳು. ಸಿಂದಗಿಯ ಒಂದು ಶಾಲೆಯ ಬಯಲು, ಮುದ್ದೇಬಿಹಾಳದಲ್ಲಿ ಒಂದು ಕೆರೆಯ ದಂಡೆ ಒಪ್ಪಿಕೊಂಡಿದ್ದೇನೆ, ಮುಗಿಯುವವರೆಗೆ ನಿಮ್ಮಲ್ಲೇ ಇರುತ್ತೇನೆ ಎಂದಳು. ಬರುವ ದಾರಿಯಲ್ಲಿ ಇಂಡಿ ಊರಿನ ತನ್ನ ಸೋದರಮಾವನ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದಳು. ಪುಣೆಯಿಂದ ನೆಟ್ಟಗೆ ಬರದೆ ಇಂಡಿಗೆ ಯಾಕೆ ಹೋದಳು? ಆಸ್ತಿಯ ಮಾತೆಲ್ಲ ಆ ಮಾವನ ಪಡಸಾಲೆಯಲ್ಲೇ ಆಗುವುದು.

ನಾನು ಓದಿದ್ದು ವಿಜಯಪುರದ ಕಾನ್ವೆಂಟಿನಲ್ಲಿ. ಬಾಗಿಲು ತಟ್ಟದೆ ಒಳಗೆ ಹೋಗಬಾರದು, ಇನ್ನೊಬ್ಬರಿಗೆ ಮುಜುಗರವಾಗುವ ಪ್ರಶ್ನೆ ಕೇಳಬಾರದು ಎಂದು ಅಲ್ಲಿನ ಸಿಸ್ಟರುಗಳು ತಿದ್ದಿ ಬೆಳೆಸಿದರು. ಹಾಗಾಗಿ ನಾನು ಕೇಳಲಿಲ್ಲ, ನೋಡಿದೆ. ಅವಳ ಚಪ್ಪಲಿಯಂಚಿನ ಸುಣ್ಣ ನೋಡಿದೆ. ಚಹಾ ಕುಡಿಯುವಾಗ ಅವಳ ಕಣ್ಣು ಕಪ್ಪಿನ ಮೇಲಿಲ್ಲದೆ ಮರದ ತುದಿಯ ಮೇಲಿರುವುದನ್ನು ನೋಡಿದೆ. ಸಂಜೆಗೆ ಇನ್ನೊಂದು ಗೆರೆ ಬಿದ್ದಿತ್ತು, ಮೊದಲಿನದಕ್ಕೆ ಅಡ್ಡವಾಗಿ. ಎರಡೂ ಸೊಟ್ಟ. ಪಾಲಿನ ಗೆರೆ ಯಾರೂ ಸೊಟ್ಟ ಎಳೆಯುವುದಿಲ್ಲ ಎಂದು ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ: ಎಷ್ಟು ಜಾಣತನ, ಗೊತ್ತಾಗಬಾರದೆಂದೇ ಸೊಟ್ಟ ಎಳೆದಿದ್ದಾಳೆ!

ಅವಳು ಸಿಂದಗಿಗೆ ಹೊರಟ ದಿನ ನಾನೂ ಬರುತ್ತೇನೆಂದೆ. ಬುತ್ತಿ ಕಟ್ಟಿಕೊಂಡೆ. ನಿಜವಾಗಿ ಅಲ್ಲಿ ಶಾಲೆ ಇದೆಯೋ ವಕೀಲರ ಮನೆ ಇದೆಯೋ ನೋಡಬೇಕಿತ್ತು.

ಶಾಲೆಯೇ ಇತ್ತು. ಹೆಡ್ ಮಾಸ್ತರು ಕೈ ಮುಗಿದು, “ಮೇಡಮ್ಮಾರ, ಹಂಸದ ಕಾರಂಜಿ ಎಲ್ಲಿ ಬರತೈತ್ರಿ?” ಎಂದರು.

“ನೀರ ಎಲ್ಲಿಂದ ಬರತೈತ್ರಿ, ಸರ?”

“ಟ್ಯಾಂಕರ್ ತರಸ್ತೇವ್ರಿ.”

“ಹಂಸಕ್ಕ ಟ್ಯಾಂಕರ್, ಹುಡುಗರಿಗೆ ಬಿಸಲೇನ್ರಿ?”

ಮಾಸ್ತರು ನಕ್ಕರು, ಆದರೆ ಕಾರಂಜಿ ಬಿಡುವ ಮನಸ್ಸು ಕಾಣಲಿಲ್ಲ. ನಾದಿನಿ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಕಟ್ಟಡದ ನೆರಳಿನ ಅಂಚಿನಗುಂಟ ಬಗ್ಗಿ ಬಗ್ಗಿ ಗೆರೆ ಹಾಕುತ್ತ ನಡೆದಳು. ಆಮೇಲೆ ಹುಣಸೆ ಮರದ ನೆರಳಿಗೆ. ಅದು ಟೊಂಗೆ ಹೋದಂತೆ ಸೊಟ್ಟಸೊಟ್ಟ.

“ಪ್ರಾರ್ಥನಾ ಇದರಾಗ ಮಾಡಸ್ರಿ. ಮುಂಜಾನೆ ನೆರಳ ಇಲ್ಲಿ ಇರತೈತಿ. ನನ್ನ ವಿದ್ಯಾರ್ಥಿಗಳಿಗೆ ಒಂದ ಇಡೀ ಬ್ಯಾಸಿಗಿ ಬರೇ ನೆರಳ ಗುರ್ತ ಹಾಕಸ್ತಿದ್ದೆ. ಗಿಡದ ಹೆಸರ ಆಮ್ಯಾಲೆ.”

ನಾನು ಬುತ್ತಿಗಂಟು ಹಿಡಿದು ನಿಂತಲ್ಲೇ ನಿಂತೆ. ಹಿತ್ತಲಲ್ಲಿದ್ದದ್ದೂ ಇದೇ, ನಮ್ಮ ಬೇವಿನ ನೆರಳು. ಎದೆಯ ಮೇಲಿನ ಕಲ್ಲು ಇಳಿಯಿತು. ಆ ದಿನ ಅವಳಿಗೆ ಒಂದು ಹೋಳಿಗೆ ಹೆಚ್ಚೇ ಬಡಿಸಿದೆ.

ಮರಳಿ ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವಳು ಕೇಳಿದಳು:

“ವೈನಿ, ಖರೇ ಹೇಳ್ರಿ. ಆ ಬೇವಿನ ಗಿಡ ಕಡ್ಯಾಕ ನೀವೂ ಒಪ್ಪೀರೇನು?”

“ಯಾವ ಬೇವಿನ ಗಿಡ?”

“ನಿಮ್ಮ ಹಿತ್ತಲದ್ದು. ಅಣ್ಣ ಹಿಂದ ಅಂಗಡಿ ಕಟ್ಟಾಂವ ಇದ್ದಾನಂತ. ಇಂಡಿ ಮಾವನ ಮುಂದ ಹೇಳ್ಯಾನ. ಕಟ್ಟಡದವನೂ ಬಂದ ನೋಡಿ ಹೋಗ್ಯಾನಂತ. ನಿಮಗೂ ಬೇಕಾಗಿರಬೇಕು, ಅದಕ್ಕ ಬಾಯಿ ಬಿಡವಲ್ರಿ ಅಂತ ನಾ ತಿಳದಿದ್ದೆ. ಎಷ್ಟು ನೆರಳ ಹೋಗತೈತಿ ಅಂತ ಅವಗ ಕಣ್ಣಿಗೆ ಕಾಣೋಹಂಗ ತೋರಸಬೇಕಂತ ಗೆರಿ ಹಾಕೇನಿ.”

ಅವಳೂ ನನ್ನನ್ನು ಹಾಗೇ ನೋಡುತ್ತಿದ್ದಳು ಅನ್ನಿ, ನಾನು ಅವಳ ಚಪ್ಪಲಿ ನೋಡಿದಂತೆ.

ಹೋದ ತಿಂಗಳು ಒಬ್ಬ ಬಂದು ಹಿತ್ತಲಲ್ಲಿ ಸುತ್ತಾಡಿದ್ದ. ಮೋರಿ ರಿಪೇರಿಯವನು ಎಂದು ನಮ್ಮವರು ಹೇಳಿದ್ದರು. ನಾನು ಅವನಿಗೆ ಚಹಾ ಕೊಟ್ಟಿದ್ದೆ. ಮೋರಿಯವನ ಅಂಗಿ ಇಸ್ತ್ರಿ ಮಾಡಿತ್ತು. ಅದನ್ನು ಆಗಲೇ ಗಮನಿಸಿಯೂ ಸುಮ್ಮನಿದ್ದೆ, ಸಂಶಯವೆಲ್ಲ ಇನ್ನೂ ಬಾರದ ನಾದಿನಿಗೆ ಎತ್ತಿಟ್ಟವಳಂತೆ.

ಮನೆಗೆ ಬಂದು ಚಹಾ ಇಟ್ಟು ಕೇಳಿದೆ. “ಹಿತ್ತಲದಾಗ ಅಂಗಡಿ ಕಟ್ಟಸಾವರಿದ್ದೀರಂತ?”

ನಮ್ಮವರು ತಂಗಿಯ ಮುಖ ನೋಡಿದರು. “ಸುಮ್ನ ವಿಚಾರ ಮಾಡೇನಿ ಅಷ್ಟ. ಇನ್ನೂ ಏನೂ ಆಗಿಲ್ಲ.”

“ಇಂಡಿಗೆ ಹೇಳಿದ್ರಿ. ನನಗ ಯಾಕ ಹೇಳಲಿಲ್ಲ?”

“ನೀ ಬ್ಯಾಡ ಅಂತಿದ್ದಿ.”

“ಹೌದ್ರಿ, ಬ್ಯಾಡ ಅಂತಿದ್ದೆ. ಈಗಲೂ ಬ್ಯಾಡ ಅಂತೇನಿ.”

ಇಷ್ಟು ವರ್ಷಗಳಲ್ಲಿ ನಾನು ಅಷ್ಟು ನೇರವಾಗಿ ಮಾತಾಡಿದ್ದಿಲ್ಲ. ಅವರು ಬಸಿಯಲ್ಲಿ ಚಹಾ ಆರಿಸಿಕೊಂಡರು.

ಮರುದಿನ ನಾದಿನಿ ಮುದ್ದೇಬಿಹಾಳಕ್ಕೆ ಹೋದಳು. ಸುಣ್ಣದ ಡಬ್ಬಿ ಅಡುಗೆಮನೆ ಕಟ್ಟೆಯ ಮೇಲಿತ್ತು, ಮರೆತಳೋ ಬಿಟ್ಟಳೋ ತಿಳಿಯದು. ಬಿಸಿಲು ಏರಿದಾಗ ಸೆರಗು ಸಿಕ್ಕಿಸಿ, ನೆರಳಿನ ಅಂಚಿಗೆ ನಾನೇ ಗೆರೆ ಹಾಕಿದೆ. ರೂಢಿಯಿಲ್ಲದೆ ಅದು ಇನ್ನೂ ಸೊಟ್ಟವಾಯಿತು. ಗೋಡೆಯ ಮೇಲೆ ಕಾಕುವಿನ ತಲೆ ಕಂಡಿತು.

“ಅಯ್ಯ, ನೀವ ಹಾಕಾಕತ್ತೀರಲ್ರಿ! ಯಾರ ಪಾಲ ಇದು?”

“ನಂದ್ರಿ ಕಾಕು.”

ಮಧ್ಯಾಹ್ನ ನಮ್ಮವರು ಹಿತ್ತಲಿಗೆ ಬಂದು, ಗೆರೆಯ ಹೊರಗೆ ಒಂದು ಗಳಿಗೆ ಬಿಸಿಲಲ್ಲಿ ನಿಂತರು. ತಲೆ ಮುಟ್ಟಿ ನೋಡಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಗೆರೆಯೊಳಗೆ, ನನ್ನ ಚಾಪೆಯ ಪಕ್ಕ ಕೂತರು. ಕಟ್ಟಡದವನಿಗೆ ಬೇಡವೆಂದು ಹೇಳಿದ್ದಾಗಿ ಸಂಜೆ ತಿಳಿಸಿದರು. ನಾನು ಹೂಂ ಎಂದೆ.

ಮರ ಇನ್ನೂ ಇದೆ. ಆದರೆ ಯಾರಾದರೂ ಮೋರಿ ನೋಡಲು ಬಂದರೆ, ಚಹಾ ಕೊಡುವ ಮೊದಲು ನಾನು ಅವರ ಅಂಗಿ ನೋಡುತ್ತೇನೆ.