ನಾಲ್ಕು ಸೆಕೆಂಡಿನ ಮೊಹರು

ನನ್ನ ದನಿ ನನಗೇ ಆಗಿಬರುವುದಿಲ್ಲ. ಎಲ್ಲಾದರೂ ರೆಕಾರ್ಡಾದದ್ದನ್ನು ಕೇಳಿಸಿಕೊಂಡರೆ, ಯಾರೋ ಮೂಗು ಹಿಡಿದುಕೊಂಡು ಪಾಲಿಸಿಯ ಷರತ್ತುಗಳನ್ನು ಓದುತ್ತಿರುವ ಹಾಗಿರುತ್ತದೆ. ಇಪ್ಪತ್ತೈದು ವರ್ಷದಿಂದ ವಿಮಾ ಕಚೇರಿಯಲ್ಲಿ ಇರುವವನಿಗೆ ಇದಕ್ಕಿಂತ ಒಳ್ಳೆಯ ದನಿ ಎಲ್ಲಿಂದ ಬರಬೇಕು ಹೇಳಿ. ಇಂಥ ದನಿಯನ್ನು ಒಂದು ಕ್ಯಾಸೆಟ್ಟಿನ ಮೇಲೆ, ಅದೂ ಬೇರೆಯವರ ಹಾಡಿನ ನಟ್ಟನಡುವೆ, ನಾನೇ ಕೈಯಾರೆ ತಂದು ಕೂರಿಸಿದ್ದೇನೆ. ಒಟ್ಟು ನಾಲ್ಕು ಸೆಕೆಂಡು. ಐವತ್ತು ವರ್ಷದ ಬಾಳಿನಲ್ಲಿ ನೀನು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೆಚ್ಚು ಯೋಚಿಸಬೇಕಾಗಿಲ್ಲ, ಟೇಪು ಹಾಕಿದರೆ ಸಾಕು.

ಮೊದಲು ನನ್ನ ಚಟ ಯಾವುದೆಂದು ಹೇಳಿಬಿಡುತ್ತೇನೆ, ಆಮೇಲೆ ನೀವು ಓದುವುದನ್ನು ಬಿಟ್ಟರೂ ಬೇಜಾರಿಲ್ಲ. ನಾನು ಹಳೇ ರ‍್ಯಾಪ್ ಕ್ಯಾಸೆಟ್ಟುಗಳನ್ನು ಕೂಡಿಡುವವನು. ಅಂಗಡಿಯಲ್ಲಿ ಮಾರಾಟಕ್ಕೆ ಬಂದಂಥವಲ್ಲ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಶಿವಾಜಿನಗರದ ಮಹಡಿ ಕೋಣೆಗಳಲ್ಲಿ, ಹಲಸೂರಿನ ವಠಾರಗಳಲ್ಲಿ, ಟೇಪ್‌ರೆಕಾರ್ಡರಿನ ಮುಂದೆ ಕೂತು, ಬಕೆಟ್ಟು ಬೋರಲು ಹಾಕಿ ಬಡಿದು, ಬಾಯಲ್ಲೇ ತಾಳ ಹಾಕಿ, ಒಂದೇ ಸಾಲಿನಲ್ಲಿ ಕನ್ನಡ, ತಮಿಳು, ಇಲ್ಲಿನ ಉರ್ದುವಾದ ದಖನಿ ಮೂರನ್ನೂ ಕಲಸಿ ಹಾಡಿದವು. ಐದೋ ಹತ್ತೋ ಪ್ರತಿ ಮಾಡಿ ಗೆಳೆಯರಿಗೆ ಹಂಚಿದರು, ಓದು ಮುಗಿಸಿದರು, ಮದುವೆಯಾದರು, ಮರೆತರು. ಹಾಗೆ ಹಾಡಿದವರಲ್ಲಿ ಒಬ್ಬರು ಈಗ ಬಟ್ಟೆ ಅಂಗಡಿಯಲ್ಲಿ ಶರ್ಟು ಮಡಿಚುತ್ತಾರೆ. ಅವರ ಕ್ಯಾಸೆಟ್ಟು ನನ್ನ ಬೀರುವಿನಲ್ಲಿ ನುಸಿಗುಳಿಗೆಯ ಪಕ್ಕದಲ್ಲಿದೆ.

ಇದೂ ಒಂದು ಹಾಡೇ ಎಂದು ಕೇಳುವವರು ಬಹಳ. ನನ್ನ ಹೆಂಡತಿ ಸುಧಾ ಮೊದಲ ಸಲ ಕೇಳಿ, “ಏನ್ರೀ ಇದು, ರಸೆಲ್ ಮಾರ್ಕೆಟ್ಟಲ್ಲಿ ಚೌಕಾಸಿ ಮಾಡ್ದಂಗಿದೆ” ಎಂದಳು. ಹೌದು, ಹಾಗೇ ಇದೆ, ಅದಕ್ಕೇ ನನಗೆ ಬೇಕು. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಜನ ಜಗಳವಾಡುವ ಭಾಷೆ ನಿಮ್ಮ ಯಾವ ಪುಸ್ತಕದಲ್ಲಿದೆ, ತೋರಿಸಿ ನೋಡೋಣ. ಕಚೇರಿಯಲ್ಲಿ ಒಬ್ಬರು, ಇದೆಲ್ಲ ನಮ್ಮ ಸಂಸ್ಕೃತಿಯಲ್ಲ, ಹಾಡಿನಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಅಹಂಕಾರ ಹೊರಗಿನಿಂದ ಬಂದದ್ದು ಎಂದರು. ನಮ್ಮ ವಚನಕಾರರು ಒಂದೊಂದು ವಚನದ ಕೊನೆಗೂ ಅಂಕಿತ ಇಟ್ಟರು, ದಾಸರು ಒಂದೊಂದು ಪದದ ಕೊನೆಗೂ ಮುದ್ರೆ ಒತ್ತಿದರು, ಆ ಅಂಕಿತ ಇಲ್ಲದೇ ಹೋಗಿದ್ದರೆ ಇವತ್ತು ಯಾವುದು ಯಾರದ್ದೆಂದು ನಿಮಗೆ ಗೊತ್ತಾಗುತ್ತಿತ್ತೇ ಎಂದು ಕೇಳಿದೆ. “ಅವರು ದೇವರ ಹೆಸರು ಇಟ್ಟರು ಸ್ವಾಮಿ” ಎಂದರು. “ಇವರು ತಮಗಿರುವ ಹೆಸರನ್ನು ಇಟ್ಟರು” ಎಂದೆ. ಆ ಮಧ್ಯಾಹ್ನ ಅವರು ಬೇರೆ ಟೇಬಲ್ಲಿನಲ್ಲಿ ಕೂತು ಊಟ ಮಾಡಿದರು.

ಅಂಕಿತದ ಬಗ್ಗೆ ಇಷ್ಟು ಉದ್ದ ಭಾಷಣ ಬಿಗಿದವನು ಏನು ಮಾಡಿದೆ ಎನ್ನುವುದೇ ಈಗ ನಾನು ಹೇಳಬೇಕಾದ್ದು.

ನಮ್ಮದೊಂದು ಗುಂಪಿದೆ. ಭಾನುವಾರ ಮಧ್ಯಾಹ್ನ ಮುನಿಕೃಷ್ಣನ ಮನೆಯ ತಾರಸಿಯ ಶೀಟಿನ ಕೋಣೆಯಲ್ಲಿ ಸೇರುತ್ತೇವೆ. ಮುನಿಕೃಷ್ಣ ಹಲಸೂರಿನ ಮೂಲನಿವಾಸಿ. ಅವನ ಅಜ್ಜ ಕೆರೆಯಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವನ ಬಾಡಿಗೆ ಮನೆಗಳಿವೆ. ಹೊಲದ ಆಚೆ ತುದಿಯಲ್ಲಿರುವವರನ್ನು ಕರೆದು ಕರೆದು ಬಂದ ವಂಶವಾದ್ದರಿಂದ ಅವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಗುಂಪಿನಲ್ಲಿ ಮೊದಲಿನಿಂದ ಎರಡು ಪದ್ಧತಿಗಳಿದ್ದವು. ಒಂದು, ಕ್ಯಾಸೆಟ್ಟಿನ ಚೀಟಿಯ ಮೇಲೆ ಬಿಳಿ ಕಾಗದ ಅಂಟಿಸಿಯೇ ತರಬೇಕು. ಅದರ ಮೇಲೆ ಏನು ಬರೆದಿದೆ, ಎಲ್ಲಿ ಸಿಕ್ಕಿತು ಎಂದು ಯಾರೂ ಕೇಳಕೂಡದು. ಇನ್ನೊಂದು, ಪ್ರತಿ ಕೊಡುವುದಾದರೆ ಮೊಹರು ಹಾಕಿಯೇ ಕೊಡಬೇಕು. ಮೊಹರು ಎಂದರೆ ಹಾಡಿನ ಮಧ್ಯೆ ಕೊಡುವವನು ತನ್ನ ದನಿಯಲ್ಲಿ ತನ್ನ ಹೆಸರು ಹೇಳಿ ತುಂಬಿಸುವುದು. ಲೈಬ್ರರಿಯವರು ಪುಸ್ತಕದ ಒಳ್ಳೇ ಚಿತ್ರದ ಮೇಲೇ ಸೀಲು ಒತ್ತುತ್ತಾರಲ್ಲ, ಹಾಗೆ. ಇಲ್ಲದಿದ್ದರೆ ನಾಳೆ ಇನ್ನೊಬ್ಬ ಅದನ್ನು ತನ್ನದೆಂದು ಹೇಳಿಕೊಂಡು ತಿರುಗುತ್ತಾನೆ ಎನ್ನುವ ಭಯ ನಮಗೆ.

ನನ್ನ ಮೊಹರು ಹೀಗಿತ್ತು: “ಇದು ರಘುನಂದನ ಸಂಗ್ರಹ, ಹಲಸೂರು.” ನಾನಿರುವುದು ಇಂದಿರಾನಗರದ ಕಡೆಯ ಸ್ಟಾಫ್ ಕಾಲೊನಿಯಲ್ಲಿ. ಆದರೆ ಸ್ಟಾಫ್ ಕಾಲೊನಿ ಎಂದರೆ ರ‍್ಯಾಪಿಗೆ ಮರ್ಯಾದೆ ಇರುವುದಿಲ್ಲ ಎಂದು ಹಲಸೂರನ್ನು ಹಾಕಿಕೊಂಡೆ. ರೇಡಿಯೋ ವಾರ್ತೆ ಓದುವವರ ಹಾಗೆ ಕೇಳಿಸಲೆಂದು ಬಚ್ಚಲಮನೆಯಲ್ಲಿ ನಿಂತು ಅಭ್ಯಾಸ ಮಾಡಿದ್ದೆ.

ಹನ್ನೊಂದು ವರ್ಷದ ಹಿಂದೆ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹಳೇ ಸಾಮಾನು ಹರಡಿಕೊಂಡು ಕೂತವರ ಗುಡ್ಡೆಯಲ್ಲಿ ನನಗೊಂದು ಕ್ಯಾಸೆಟ್ಟು ಸಿಕ್ಕಿತು. ಚೀಟಿಯಲ್ಲಿ ನೀಲಿ ಶಾಯಿಯ ಒಂದೇ ಒಂದು ಇಂಗ್ಲಿಷ್ ಅಕ್ಷರ, ಝಡ್. ಮನೆಗೆ ತಂದು ಹಾಕಿದರೆ ಹದಿನಾರು ಹದಿನೇಳರ ಹುಡುಗಿಯ ದನಿ. ನಮ್ಮ ಸಂಗ್ರಹಗಳಲ್ಲಿ ಹುಡುಗಿಯರೇ ಇರಲಿಲ್ಲ. ತನಗೆ ಮೆಲ್ಲಗೆ ಮಾತಾಡು ಎಂದವರನ್ನೆಲ್ಲ ಅವಳು ಸಾಲಾಗಿ ನಿಲ್ಲಿಸಿ ಹಾಡುತ್ತಾಳೆ: ಬಸ್ ಕಂಡಕ್ಟರು, ಪಕ್ಕದ ಮನೆಯವರು, ಪಿ.ಟಿ. ಮೇಷ್ಟ್ರು, ಊರಿಂದ ಬಂದ ಅತ್ತೆ. ಶುರು ದಖನಿಯಲ್ಲಿ, ವಾದ ಕನ್ನಡದಲ್ಲಿ, ಬೈಗುಳ ತಮಿಳಿನಲ್ಲಿ. ಹಿಂದೆ ಯಾರೋ ಒಬ್ಬ ಬಾಯಲ್ಲೇ ತಾಳ ಹಾಕುತ್ತಾನೆ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೋ ತಿಳಿಯುವುದಿಲ್ಲ. ಕೊನೆಗೆ ಹುಡುಗಿ “ಯಾರು ನಾನು?” ಎಂದು ಕೇಳುತ್ತಾಳೆ. ತಾಳ ನಿಲ್ಲುತ್ತದೆ. ತಾಳದವನು ಅವಳ ಹೆಸರನ್ನು ಕೂಗುತ್ತಾನೆ. ಅವಳು ನಗುತ್ತಾಳೆ, ಹಾಡು ಮುಗಿಯುತ್ತದೆ.

ನಾನು ಮೊಹರು ಹಾಕಲು ಆರಿಸಿಕೊಂಡ ಜಾಗ ಅದೇ. ಅಲ್ಲಿ ಹಾಕಿದರೆ ಯಾರೂ ಕತ್ತರಿಸಿ ತೆಗೆಯಲಾರರು, ತೆಗೆದರೆ ಹಾಡೇ ಕೆಡುತ್ತದೆ ಎನ್ನುವ ಜಾಣತನ. ಪ್ರತಿ ಮಾಡಿದೆ. ಎರಡು ಕ್ಯಾಸೆಟ್ಟಿಗೂ ಪದ್ಧತಿಯ ಪ್ರಕಾರ ಬಿಳಿ ಕಾಗದ ಅಂಟಿಸಿದೆ. ಒಂದನ್ನು ಡೆಕ್ಕಿಗೆ ಹಾಕಿ, ಮೈಕು ಹಿಡಿದು, ಆ ಜಾಗ ಹುಡುಕಿ ಮೊಹರು ಹಾಕಿದೆ. ಅಷ್ಟರಲ್ಲಿ ಸುಧಾ ಕಾಫಿಗೆ ಕರೆದಳು, ಅದನ್ನು ತೆಗೆದು ಇನ್ನೊಂದರ ಪಕ್ಕದಲ್ಲಿಟ್ಟು ಹೋದೆ. ಕುಡಿದು ಬಂದು ಪರೀಕ್ಷೆ ಮಾಡಲೆಂದು ಕ್ಯಾಸೆಟ್ಟು ಹಾಕಿ ಕೇಳಿದರೆ ನನ್ನ ದನಿಯೇ ಇಲ್ಲ. ಮೈಕು ಕೈಕೊಟ್ಟಿದೆ ಎಂದುಕೊಂಡು ಮತ್ತೊಮ್ಮೆ ಹಾಕಿದೆ. ಈ ಸಲ ಸೊಗಸಾಗಿ ಬಂತು. ಒಂದನ್ನು ಗುಂಪಿಗೆ ಕೊಟ್ಟು ಇನ್ನೊಂದನ್ನು ಬೀರುವಿನಲ್ಲಿಟ್ಟೆ. ವಾರದ ಮೇಲೆ ಬೀರುವಿನದ್ದನ್ನು ಕೇಳಲು ಕೂತಾಗ, ಹುಡುಗಿ ಯಾರು ನಾನು ಎಂದು ಕೇಳಿದಳು, ಇದು ರಘುನಂದನ ಸಂಗ್ರಹ ಎಂದು ನಾನು ಉತ್ತರ ಕೊಟ್ಟೆ. ಮೊದಲ ಸಲ ಒಂದಕ್ಕೆ, ಎರಡನೇ ಸಲ ಇನ್ನೊಂದಕ್ಕೆ, ಹೀಗೆ ಎರಡಕ್ಕೂ ಬಳಿದಿದ್ದೆ. ಕಾಗದ ಅಂಟಿಸದೇ ಇದ್ದಿದ್ದರೆ ಚೀಟಿಯ ಮೇಲಿನ ಝಡ್ ನನ್ನನ್ನು ತಡೆಯುತ್ತಿತ್ತು.

ಹಳೇ ಶಾಸನಗಳ ಕೊನೆಯಲ್ಲಿ, ಈ ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟಲಿ ಎಂಬ ಶಾಪವಿರುತ್ತದೆ. ಓದಿದಾಗಲೆಲ್ಲ ನಗು ಬರುತ್ತಿತ್ತು. ಆ ದಿನ ಬರಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ವಿಷಯವೆಂದರೆ, ಆ ತಾಳದವನು ಕೂಗಿದ ಹೆಸರು ಏನೆಂದು ನೆನಪು ಮಾಡಿಕೊಂಡರೆ ನನಗೆ ನೆನಪಿಗೇ ಬರಲಿಲ್ಲ. ಹತ್ತು ಸಲ ಕೇಳಿದ್ದೆ. ಹೆಸರಿನ ಮೇಲೆ ನನ್ನ ಗಮನ ಇರಲಿಲ್ಲ, ಮೊಹರಿಗೆ ಜಾಗ ಇದೆಯಲ್ಲ ಎನ್ನುವುದರ ಮೇಲಿತ್ತು.

ಗುಂಪಿಗೆ ಹೇಳಲಿಲ್ಲ. ಮೊಹರಿಲ್ಲದ ಮೂಲ ನನ್ನ ಬೀರುವಿನಲ್ಲಿದೆ ಎಂದೇ ಎಲ್ಲರೂ ನಂಬಿದರು, ಆ ನಂಬಿಕೆಯ ಮೇಲೆ ನಾನು ಹನ್ನೊಂದು ವರ್ಷ ಗುಂಪಿನ ಹಿರಿಯನಾಗಿ ಮೆರೆದೆ. ಆ ಹಾಡಿಗೆ “ರಘು ಟೇಪು” ಎಂಬ ಹೆಸರೇ ಬಿತ್ತು. ಅದು ಕೈಯಿಂದ ಕೈಗೆ, ಕ್ಯಾಸೆಟ್ಟಿನಿಂದ ಫೋನಿಗೆ ಹೋಯಿತು. ಹಾಗೆ ಹೋಗಿ ಹೋಗಿ ಕೆ.ಆರ್. ಪುರದ ಒಂದು ಹೈಸ್ಕೂಲಿನಲ್ಲಿ, ವಾರ್ಷಿಕೋತ್ಸವದ ಕುಣಿತಕ್ಕೆ ಹಾಡು ಹುಡುಕುತ್ತಿದ್ದ ಮಕ್ಕಳ ಫೋನಿನಲ್ಲಿ ಕೇಳಿಸಿತಂತೆ. ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಗಣಿತದ ಮೇಡಂ ಪೆನ್ನು ಕೆಳಗಿಟ್ಟರು.

ಅವರು ಹಲಸೂರಿಗೆ ಬಂದು ವಿಚಾರಿಸಿದರು, ಯಾರೋ ಮುನಿಕೃಷ್ಣನ ಮನೆ ತೋರಿಸಿದರು, ಒಂದು ಭಾನುವಾರ ತಾರಸಿ ಹತ್ತಿ ಬಂದು ನಿಂತರು. ನಲವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಛತ್ರಿ.

“ಸರ್, ರಘುನಂದನ ಸಂಗ್ರಹ ಅಂದ್ರೆ ನೀವೇನಾ?”

ಹೌದೆಂದೆ. ಇನ್ನೇನು ಹೇಳಲಿ.

“ಆ ಟೇಪಲ್ಲಿ ಹಾಡಿರೋದು ನಾನು. ಜರೀನಾ ಅಂತ. ತಾಳ ಹಾಕಿರೋದು ನಮ್ ಭಾಯಿ. ಪೂರ್ತಿ ಹಾಡಲ್ಲಿ ಅವನು ಆಡೋದು ಒಂದೇ ಮಾತು, ನನ್ ಹೆಸರು ಕೂಗ್ತಾನೆ. ಹೋದ ವರ್ಷ ತೀರ್ಕೊಂಡ. ಫೋಟೋ ಬೇಕಾದಷ್ಟಿದೆ ಸರ್, ದನಿ ಒಂದೂ ಇಲ್ಲ. ಅದ್ರ ಮೇಲೆ ನಿಮ್ ದನಿ ಇದೆ. ನಿಮ್ ದನಿ ಇಲ್ದಿರೋ ಟೇಪು ನಿಮ್ ಹತ್ರ ಇದ್ಯಂತೆ. ಒಂದೇ ಒಂದ್ಸಲ ಕೇಳಿಸ್ತೀರಾ?”

ಜರೀನಾ. ಹನ್ನೊಂದು ವರ್ಷ ನನ್ನ ನಾಲಿಗೆಯ ತುದಿಗೆ ಬಾರದಿದ್ದ ಹೆಸರು.

ಸುಳ್ಳು ಹೇಳಲು ದಾರಿಗಳಿದ್ದವು. ಟೇಪಿಗೆ ಬೂಷ್ಟು ಹಿಡಿಯಿತು ಎನ್ನಬಹುದಿತ್ತು. ಹೇಳಲಾಗಲಿಲ್ಲ. ಕಾಗದ, ಕಾಫಿ, ಎರಡು ಸಲದ ಮೊಹರು, ಎಲ್ಲವನ್ನೂ ಗುಂಪಿನ ಎದುರಿಗೇ ಹೇಳಿದೆ. ಜರೀನಾ ತಪ್ಪಾದ ಲೆಕ್ಕ ನೋಡುವ ಹಾಗೆ ನನ್ನನ್ನು ನೋಡಿದರು. “ಒಂದಕ್ಕೆ ಬೇಕು ಅಂತ್ಲೇ ಹಾಕಿದ್ರಿ, ಸರಿ. ಸರಿ ಬಂದಿದ್ಯಾ ಅಂತ ನೋಡೋಕೆ ಇನ್ನೊಂದನ್ನೂ ಹಾಳ್ ಮಾಡಿದ್ರಾ ಸರ್?” ಎಂದರು. ಮುನಿಕೃಷ್ಣ, “ಹನ್ನೊಂದ್ ವರ್ಷ ನಮ್ಗೇ ಟೋಪಿ ಹಾಕಿದ್ಯಲ್ಲ ಗುರು” ಎಂದ. ಮೇಡಂ, ಕ್ಷಮಿಸಿ ಎಂದೆ. ಅವರು ಕ್ಷಮಿಸಿದೆ ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ. ಒಟ್ಟು ಆರು ಪ್ರತಿ ಮಾಡಿದ್ದೆವು, ಪಿಯುಸಿ ಗೆಳತಿಯರಿಗೆ ಕೊಟ್ಟಿದ್ದು, ನಮ್ಮ ಹತ್ತಿರ ಒಂದೂ ಉಳಿಯಲಿಲ್ಲ, ಈಗ ಯಾರು ಎಲ್ಲಿದ್ದಾರೋ ಗೊತ್ತಿಲ್ಲ ಎಂದಷ್ಟೇ ಹೇಳಿ ಇಳಿದು ಹೋದರು.

ಆರು ಪ್ರತಿ. ಒಂದು ನನ್ನ ಕೈಯಲ್ಲಿ ಕೆಟ್ಟಿತು. ಉಳಿದ ಐದರಲ್ಲಿ ಒಂದಾದರೂ ಎಲ್ಲೋ ಅಟ್ಟದ ಮೇಲೆ, ಎಲ್ಲೋ ಹಳೇ ಸೂಟ್‌ಕೇಸಿನಲ್ಲಿ ಇರಬಹುದು. ಅದು ಹೊರಗೆ ಬರಬೇಕಾದರೆ ಹಾಡು ಊರಿಗೆಲ್ಲ ಗೊತ್ತಾಗಬೇಕು, ಯಾರದ್ದೆಂದೂ ಗೊತ್ತಾಗಬೇಕು. ನಾವು ಇಷ್ಟು ವರ್ಷ ಮಾಡಿದ್ದು ಸರಿಯಾಗಿ ಇದರ ಉಲ್ಟಾ.

ಮುಂದಿನ ಭಾನುವಾರ ನನ್ನ ಕ್ಯಾಸೆಟ್ಟುಗಳನ್ನೆಲ್ಲ ಎರಡು ಚೀಲದಲ್ಲಿ ತಂದು ತಾರಸಿಯಲ್ಲಿ ಸುರಿದು, ಬಿಳಿ ಕಾಗದಗಳನ್ನು ಒಂದೊಂದಾಗಿ ಕಿತ್ತೆ. ಇನ್ನು ಮೊಹರಿಲ್ಲ, ಮುಚ್ಚುಮರೆಯಿಲ್ಲ, ಯಾರು ಬಂದು ಕೇಳಿದರೂ ಪ್ರತಿ ಕೊಡುತ್ತೇನೆ ಎಂದೆ. “ಎಲ್ರ ಹತ್ರಾನೂ ಇದ್ರೆ ಅದು ಅಪರೂಪ ಹೆಂಗಾಗತ್ತೆ ಮಗಾ?” ಎಂದು ಮುನಿಕೃಷ್ಣ ಕೇಳಿದ. ಆಗದಿರಲಿ ಎಂದೆ. ಅಪರೂಪ ಎಂದು ನಾವು ಹೆಮ್ಮೆಯಿಂದ ಹೇಳುವುದು ಏನನ್ನು? ಇನ್ನೊಂದು ಸಲ ಕೈ ತಪ್ಪಿದರೆ ಇಲ್ಲವಾಗುವುದನ್ನು. ಅದರಲ್ಲಿ ಹೆಮ್ಮೆ ಪಡುವುದಕ್ಕೆ ಏನಿದೆ? ಮುನಿಕೃಷ್ಣ ಎರಡು ವಾರ ಮಾತು ಬಿಟ್ಟ. ಮೂರನೆಯ ವಾರ ಎಲ್ಲರೂ ಬರಲೆಂದು ತಾನೇ ಕೆಳಗಿನ ಗೇಟು ತೆರೆದಿಟ್ಟ. ಗುಂಪಿನಿಂದ ಇಬ್ಬರು ಬಿಟ್ಟು ಹೋದರು. ಊರಿನ ಬೇರೆ ಸಂಗ್ರಹಕಾರರು ನನ್ನನ್ನು ಮನೆಹಾಳ ಎನ್ನುತ್ತಾರಂತೆ. ಅನ್ನಲಿ. ಮನೆ ಹಾಳು ಮಾಡಿದ್ದು ನಿಜವೇ, ಆದರೆ ಅದು ಹನ್ನೊಂದು ವರ್ಷದ ಹಿಂದೆ, ಅವರೂ ನಾವೂ ಪಾಲಿಸುತ್ತಿದ್ದ ಪದ್ಧತಿಯ ಪ್ರಕಾರ.

ಈಗ ಭಾನುವಾರ ಯಾರು ಬೇಕಾದರೂ ಬರುತ್ತಾರೆ, ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಹಾಡಿದವರ ಹೆಸರು ಗೊತ್ತಿದ್ದರೆ ದೊಡ್ಡದಾಗಿ ಬರೆಯುತ್ತೇವೆ, ಗೊತ್ತಿಲ್ಲದಿದ್ದರೆ “ಗೊತ್ತಿದ್ದವರು ಹೇಳಿ” ಎಂದು ಬರೆಯುತ್ತೇವೆ. ಹೀಗೆ ಕೆಲವು ಹೆಸರು ಸಿಕ್ಕಿವೆ. ಜರೀನಾ ಅವರ ಐದು ಪ್ರತಿಗಳು ಮಾತ್ರ ಇನ್ನೂ ಸಿಕ್ಕಿಲ್ಲ. ಸಿಗುವ ತನಕ ನಾನು ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನವರು, ಒಂದು ಭಾನುವಾರ ಜರೀನಾ ಅವರ ಹಾಡು ಹಾಕಿದ್ದಾಗ, ವಾಲ್ಯೂಮು ಸ್ವಲ್ಪ ಮೆಲ್ಲಗೆ ಇಡಿ ಎಂದು ಹೇಳಿ ಕಳಿಸಿದ್ದರು. ಆ ಮಾತನ್ನು ಅವರು ಈ ಹಾಡಿಗೇ ಹೇಳಬೇಕಾಯಿತೇ?

ಮೊನ್ನೆ ಜರೀನಾ ಮತ್ತೆ ಬಂದರು. ಏನಾದರೂ ಸಿಕ್ಕಿತೇ ಎಂದು ಕೇಳಲು. ಇಲ್ಲವೆಂದೆ. ಛತ್ರಿ ಪಕ್ಕಕ್ಕಿಟ್ಟು ಕೂತು, ಇರುವುದನ್ನೇ ಹಾಕಿ ಎಂದರು. ಹಾಕಿದೆ. ಕಂಡಕ್ಟರು ಹೋದ, ಮೇಷ್ಟ್ರು ಹೋದರು, ಅತ್ತೆ ಹೋದರು. ಟೇಪಿನ ಹುಡುಗಿ ಯಾರು ನಾನು ಎಂದು ಕೇಳಿದಳು. ತಾಳ ನಿಂತಿತು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಮುನಿಕೃಷ್ಣ, ಯಾರೂ ಹೇಳಿಕೊಡದೆ, ಹೊಲದ ಆಚೆ ತುದಿಗೆ ಕೇಳಿಸುವ ಹಾಗೆ “ಜರೀನಾ” ಎಂದು ಕೂಗಿದ. ಇನ್ನಿಬ್ಬರು ಸೇರಿಕೊಂಡರು. ರಘುನಂದನ ಸಂಗ್ರಹ ಅದರಡಿಯಲ್ಲಿ ಎಲ್ಲೋ ಮುಳುಗಿಹೋಯಿತು. ಟೇಪಿನ ಹುಡುಗಿ ನಕ್ಕಳು. ಪಕ್ಕದಲ್ಲಿ ಕೂತ ಮೇಡಮ್ಮೂ ನಕ್ಕರು, ಅದೇ ನಗು.

ಆಮೇಲೆ ನನ್ನ ಕಡೆ ತಿರುಗಿದರು. “ನೀವು ಕೂಗ್ಲಿಲ್ಲ ಸರ್.”

ನನ್ನ ದನಿ ಚೆನ್ನಾಗಿಲ್ಲ ಎಂದೆ.

“ಆ ದನೀನೇ ಕೂಗ್ಬೇಕು” ಎಂದರು. ಟೇಪು ಹಿಂದಕ್ಕೆ ಸುತ್ತಿದೆ. ತಾಳ ನಿಂತಾಗ ಕೂಗಿದೆ. ಅವರು ಸಾಲದು ಎಂದು ತಲೆ ಆಡಿಸಿದರು.

“ಇನ್ನೂ ಜೋರಾಗಿ ಸರ್. ನಮ್ ಭಾಯಿ ಇಷ್ಟು ಮೆಲ್ಲಗೆ ಕೂಗ್ತಿರ್ಲಿಲ್ಲ.”

ಇನ್ನೊಮ್ಮೆ ಹಿಂದಕ್ಕೆ ಸುತ್ತಿದೆ. ಪಕ್ಕದ ಅಪಾರ್ಟ್‌ಮೆಂಟಿನ ಮೂರು ಕಿಟಕಿ ತೆರೆದುಕೊಂಡವು.