ಕೇಬಲ್ಲಿಲ್ಲದ ಮನೆಯಲ್ಲಿ ಮದಗದ ಕೆರೆ

ಹಾನಗಲ್ಲಿನ ನಮ್ಮ ಮನೆಗೆ ಕೇಬಲ್ ಇಲ್ಲ. ಮಾಳಿಗೆ ರಿಪೇರಿ ಮಾಡಿಸುವಾಗ ಕಿತ್ತ ವೈರನ್ನು ಮತ್ತೆ ಹಾಕಿಸುವ ಮನಸ್ಸು ಯಾರಿಗೂ ಆಗಲಿಲ್ಲ. ತಿಂಗಳ ಬಾಡಿಗೆಯಿಲ್ಲದ ಸಣ್ಣ ಡಿಶ್ ಒಂದನ್ನು ಕೂರಿಸಿಕೊಂಡೆವು. ಅದರಲ್ಲಿ ದೇಶವೆಲ್ಲ ಕಾಣುತ್ತದೆ, ನಮ್ಮ ಜಿಲ್ಲೆಯೊಂದನ್ನು ಬಿಟ್ಟು. ಅದು ಕೊರತೆ ಎಂದು ಅನ್ನಿಸಿದ್ದು ಹೋದ ಮಳೆಗಾಲದಲ್ಲಿ.

ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಅವಳ ತವರು ಹಿರೇಕೆರೂರು ಕಡೆಯ ಮಾಸೂರು. ಅವಳ ತಮ್ಮನ, ಅಂದರೆ ನನ್ನ ಸೋದರಮಾವನ ಮನೆ ಮದಗದ ಕೆರೆಯ ಏರಿಯ ಕೆಳಗಿನ ಓಣಿಯಲ್ಲಿ. ಆ ದಿನ ನಾನು ಸಂತೆಯಿಂದ ಬಂದವಳು, ಹಿರೇಕೆರೂರು ಕಡೆಯಿಂದ ಬಂದಿದ್ದ ಕಾಯಿಪಲ್ಲೆಯವಳು ಹೇಳಿದ್ದನ್ನು ಹಾಗೆಯೇ ಹೇಳಿಬಿಟ್ಟೆ. ಕೆರೆ ತುಂಬಿ ಕೋಡಿ ಹರಿಯುತ್ತಿದೆಯಂತೆ, ಏರಿ ಜಿನುಗುತ್ತಿದೆ ಎಂದೂ ಜನ ಆಡಿಕೊಳ್ಳುತ್ತಿದ್ದಾರಂತೆ. ಅವ್ವ ಸೋಸುತ್ತಿದ್ದ ಮೆಂತ್ಯೆ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದಳು.

ಮಾವನ ಫೋನು ಹತ್ತಲಿಲ್ಲ. ಮತ್ತೆ ಮತ್ತೆ ಮಾಡಿದರೂ ಸ್ವಿಚ್ ಆಫ್. ಟಿವಿ ಹಾಕಿದರೆ ಬೆಂಗಳೂರಿನ ರಸ್ತೆಯಲ್ಲಿ ನೀರು, ಮುಳುಗಿದ ಕಾರುಗಳು. ಕೆಳಗೆ ಓಡುವ ಸಾಲಿನಲ್ಲಿ ಹಾವೇರಿ ಎಂಬ ಹೆಸರು ಕಂಡಂತಾಗಿ ಮಾಯವಾಯಿತು. ಅವ್ವ ಬಾಗಿಲಿಗೂ ಟಿವಿಗೂ ಓಡಾಡುತ್ತ, ಕೂರು ಎಂದರೂ ಕೂರದೆ, ನಮ್ಮ ಕೆರೆ ಎಲ್ಲಿ ಎಂದು ಒಂದೇ ಸಮನೆ ಕೇಳುತ್ತಿದ್ದಳು. ಎದುರು ಮನೆಯಲ್ಲಿ ಕೇಬಲ್ ಇದೆ, ಹೋಗೋಣ ಎಂದೆ.

"ಮಂದಿ ಮನ್ಯಾಗ ಕುಂತು ನನಗ ಅಳಾಕ ಆಗೂದಿಲ್ಲ," ಅಂದಳು.

ಅಳುವಂಥದ್ದು ಇನ್ನೂ ಏನೂ ಆಗಿರಲಿಲ್ಲ. ಆದರೂ ಆ ಮಾತು ಕೇಳಿದ ಮೇಲೆ ನಾನು ಎದುರು ಮನೆಯ ಮಾತು ಬಿಟ್ಟು ಮೊಬೈಲು ಎತ್ತಿಕೊಂಡೆ.

ನಮ್ಮ ಕಡೆಯ ಸಣ್ಣ ಚಾನೆಲ್ಲೊಂದು ಮೊಬೈಲಿನಲ್ಲಿ ಪುಕ್ಕಟೆ ಬರುತ್ತದೆ ಎಂಬುದು ನೆನಪಾಯಿತು. ಹುಡುಕಿ, ಮೊಬೈಲನ್ನು ವೈರಿನಿಂದ ಟಿವಿಗೆ ಜೋಡಿಸಿದೆ. ಸವಣೂರಿನ ಖಾರದ ಅಂಗಡಿಯ ಜಾಹೀರಾತು, ಅದರ ಹಿಂದೆ ಶಿಗ್ಗಾಂವಿಯ ಟ್ರ್ಯಾಕ್ಟರ್ ಮಾರುವವರದು. ಆಮೇಲೆ ಕೊಡೆ ಹಿಡಿದ ವರದಿಗಾರ ಕಾಣಿಸಿಕೊಂಡು ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟ. ನಡುಮನೆಯಲ್ಲಿ ಸಿಗ್ನಲ್ ಸಾಲದು. ಕಿಟಕಿಯ ಹತ್ತಿರ ಬರುತ್ತದೆ, ಆದರೆ ವೈರು ಅಷ್ಟು ಉದ್ದವಿಲ್ಲ. ಕೊನೆಗೆ ಟಿವಿಯ ಮೇಜನ್ನೇ ಕಿಟಕಿಗೆ ಎಳೆಯತೊಡಗಿದೆ. ಮೊಣಕಾಲು ನೋವಿನ ಅವ್ವ ಸೆರಗು ಸಿಕ್ಕಿಸಿ ಆ ಕಡೆಯಿಂದ ನೂಕಿದಳು.

ಚಿತ್ರ ಮುಂದೆ ಓಡಿತು. ಕೆಂಪು ನೀರು, ಮುಳುಗಿದ ಗದ್ದೆ, ತೇಲುವ ಹುಲ್ಲು. ಜನರ ನಡುವೆ, ತಲೆಯ ಮೇಲೆ ಗೋಣಿಚೀಲ ಹೊದ್ದು ಎತ್ತಿನ ಹಗ್ಗ ಹಿಡಿದು ನಿಂತವನು ನಮ್ಮ ಮಾವ. ನಾನು ನಕ್ಕೇಬಿಟ್ಟೆ. ನೋಡು, ಆರಾಮಾಗಿದ್ದಾನೆ ಎಂದೆ. ಅವ್ವನ ಮುಖವೂ ಅರಳಿತು. ಆದರೆ ಅವಳು ಟಿವಿಗೆ ಇನ್ನೂ ಹತ್ತಿರ ಹೋಗಿ ನೋಡಿ, ಹಿಂದೆ ಸರಿದು ಗೋಡೆಗೆ ಒರಗಿದಳು.

"ಆ ಎತ್ತು ಯುಗಾದಿ ಮುಂದ ಸತ್ತುಹೋತಲ್ಲ," ಅಂದಳು.

ಒಂದು ಕೊಂಬು ಕೆಳಗೆ ಬಾಗಿದ ಎತ್ತು. ಅದು ಸತ್ತಾಗ ಮಾವ ಫೋನಿನಲ್ಲಿ ಅತ್ತಿದ್ದ. ಹಾಗಾದರೆ ಇದು ಹಿಂದಿನ ವರ್ಷದ ಮಳೆ. ವರದಿಗಾರ ಮಾತ್ರ ಈಗಲೇ ಆಗುತ್ತಿರುವಂತೆ ಹೇಳುತ್ತಲೇ ಇದ್ದ. ಏನೂ ಕಾಣದಿದ್ದಾಗಿನ ಅಂಜಿಕೆಗಿಂತ ಕಂಡ ಮೇಲಿನ ಅಂಜಿಕೆಯೇ ಹೆಚ್ಚಾಯಿತು.

ಮೊಬೈಲಿನ ಪರದೆಯಲ್ಲಿ, ಆ ಚಿತ್ರದ ಕೆಳಗೆ ಯಾರ್‍ಯಾರೋ ಬರೆಯುತ್ತಿದ್ದರು. ನಾನೂ ಬರೆದೆ. ಏರಿಯ ಕೆಳಗಿನ ಓಣಿ ಹೇಗಿದೆ, ಯಾರಾದರೂ ಮಾಸೂರಿನವರು ಇದ್ದರೆ ಹೇಳಿ. ಊರೂರಿನ ಜನ ಕೈ ಮುಗಿದ ಚಿತ್ರ ಹಾಕಿದರು. ಅವ್ವ ಏನು ಬಂತು, ಏನು ಬಂತು ಎಂದು ಕೇಳುತ್ತಿದ್ದಳು. ಕಡೆಗೆ ಅದೇ ಊರಿನವನೊಬ್ಬ ಉತ್ತರ ಕೊಟ್ಟ. ಇದು ಹಳೆಯದು, ಇವತ್ತು ಕೋಡಿ ಬಿದ್ದಿದ್ದು ನಿಜ, ಏರಿ ಗಟ್ಟಿಯಾಗಿದೆ, ಓಣಿಗೆ ನೀರು ಬಂದಿದ್ದರಿಂದ ಮಂದಿ ಶಾಲೆಯಲ್ಲಿ ಕೂತಿದ್ದಾರೆ ಎಂದು. ಯಾರ ಮನೆಯೆಂದು ತಿಳಿಸಿ ನನ್ನ ನಂಬರು ಕಳಿಸಿದೆ.

ಕಾಯುವುದು ಇಬ್ಬರಿಗೂ ಆಗಲಿಲ್ಲ. ನಾನು ಒಲೆಯ ಮೇಲೆ ಚಹಾ ಇಟ್ಟು ಮರೆತೆ. ಟಿವಿಯಿಂದ ಕೆರೆ ಮಾಯವಾಗಿ ಗುರುತಿಲ್ಲದ ನಂಬರೊಂದು ದೊಡ್ಡದಾಗಿ ಮೂಡಿದಾಗ, ಫೋನು ಬಂದಿದೆ ಎಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಮಾವನ ದನಿ. ಫೋನು ನೀರಿಗೆ ಬಿದ್ದಿತ್ತಂತೆ, ಎಲ್ಲರೂ ಶಾಲೆಯಲ್ಲಿ ಚೆನ್ನಾಗಿಯೇ ಇದ್ದಾರಂತೆ. ಅವ್ವ ಅವನನ್ನು ಬಾಯಿಗೆ ಬಂದಂತೆ ಬೈದು, ಉಂಡಿಯೇನು ಎಂದು ಕೇಳಿ, ಆಮೇಲೆ ಅತ್ತಳು.

ಇಷ್ಟಾದ ಮೇಲೂ ಅವಳಿಗೆ ಸಮಾಧಾನವಿಲ್ಲ. ಮರುದಿನ ಬೆಳಿಗ್ಗೆ ಮಳೆಯಲ್ಲೇ ಹಿರೇಕೆರೂರಿನ ಬಸ್ಸು ಹತ್ತಿದಳು. ನಾನು ಬರುತ್ತೇನೆಂದರೂ ಬೇಡವೆಂದಳು. ಮಧ್ಯಾಹ್ನ ಮಾವನೇ ಬೇರೆಯವರ ಫೋನಿನಿಂದ ಮಾತಾಡಿದ. ಇಂಥ ಮಳೆಯಲ್ಲಿ ಮುದುಕಿಯನ್ನು ಒಬ್ಬಳನ್ನೇ ಯಾಕೆ ಕಳಿಸಿದೆ ಎಂದು ನನ್ನನ್ನು ಗದರಿಸಿದ. ಪಕ್ಕದಲ್ಲೇ ಅವ್ವನ ದನಿ ಕೇಳುತ್ತಿತ್ತು.

"ಅಕಿಗ್ಯಾಕ ಬೈತೀ? ನಾನ ಬಂದೇನಿ. ನಿನ್ನ ಮಾರಿ ನೋಡಾಕ ಬಂದೇನಿ."